ನಲವತ್ತೇಳು ದಿನದ ಸುಳ್ಳು ಹಾಜರಿ

ಮಾರ್ಚ್ ಆರರ ಸಂಜೆ ನಮ್ಮ ಮೊಬೈಲ್ ಆಟ ಕೆಟ್ಟಿತು. ನಿಂತುಹೋಗಲಿಲ್ಲ. ನಿಂತಿದ್ದರೆ ಒಂದು ದಿನ ಬೈದು, ಎರಡು ದಿನ ಬೇಸರಪಟ್ಟು ಸುಮ್ಮನಾಗುತ್ತಿದ್ದೆವು. ಅದು ಸುಲಭವಾಯಿತು. ಎಲ್ಲೋ ಕುಳಿತವರು ಆಟವನ್ನು ಹೊಸದು ಮಾಡಿದ್ದೇವೆ ಎಂದು ಪ್ರಕಟಿಸಿ, ನಾವು ಎರಡು ವರ್ಷದಿಂದ ಇಳಿಯುತ್ತಿದ್ದ ಒಡೆದ ನೀರಿನ ಟಾಕಿಯನ್ನು ನಕ್ಷೆಯಿಂದ ಅಳಿಸಿ, ಆ ಜಾಗದಲ್ಲಿ ಬಣ್ಣದ ದೀಪಗಳ ಕುಣಿತದ ಅಂಗಳ ಮಾಡಿಟ್ಟಿದ್ದರು. ಎದುರಾಳಿಗಳಲ್ಲಿ ಮುಕ್ಕಾಲು ಪಾಲು ಮನುಷ್ಯರಾಗಿರಲಿಲ್ಲ. ಆಟವೇ ತಂದು ನಿಲ್ಲಿಸಿದ ಗೊಂಬೆಗಳು. ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದವು. ಹಿಂದಿನಿಂದ ಹೋಗಿ ಹೊಡೆದರೆ ಬಿದ್ದುಬಿಡುತ್ತಿದ್ದವು. ಕೂಡಲೇ ಪರದೆಯ ಮೇಲೆ ಪಟಾಕಿ ಹಾರುತ್ತಿತ್ತು.

ಮೊದಲು ನಾವು ಹದಿನಾಲ್ಕು ಆಟಕ್ಕೆ ಒಂದರಂತೆ ಗೆಲ್ಲುತ್ತಿದ್ದೆವು. ಪ್ರತಿ ಆಟವೂ ನನ್ನ ಡೈರಿಯಲ್ಲಿದೆ, ಆದ್ದರಿಂದ ಇದು ಅಂದಾಜಿನ ಮಾತಲ್ಲ. ಮಾರ್ಚ್ ಆರು, ಏಳು, ಎರಡೇ ದಿನದಲ್ಲಿ ಹನ್ನೊಂದು ಆಟ ಆಡಿ ಒಂಬತ್ತು ಗೆದ್ದೆವು. ಒಂಬತ್ತನೆಯದನ್ನು ಗೆದ್ದ ಕೂಡಲೇ ನಾನು ಫೋನ್ ಮಗುಚಿಟ್ಟೆ. ನನಗೆ ಅಂಥ ಸಿಟ್ಟು ಯಾವ ಸೋಲಿನಲ್ಲೂ ಬಂದಿರಲಿಲ್ಲ. ನಾವು ಸೋಲಲು ಲಾಯಕ್ಕಿಲ್ಲದವರು, ಗೆಲ್ಲಿಸಿ ಸಮಾಧಾನ ಮಾಡಬೇಕಾದ ಕೂಸುಗಳು ಎಂದು ಯಾರೋ ತೀರ್ಮಾನಿಸಿದ್ದರು.

ನಾವು ಮೂವರು ಹುಡುಗಿಯರು. ಬೀದರಿನ ಡಿಗ್ರಿ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚು. ಡಿಗ್ರಿ ಮುಗಿದ ಮೇಲೆ ನಾನು ಬೀದರಿನಲ್ಲೇ, ಮೈಲೂರು ಓಣಿಯ ಮನೆಯಿಂದಲೇ, ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಸೇರಿದೆ. ಒಬ್ಬಳು ಭಾಲ್ಕಿಗೆ ಹೋಗಿ ಅರ್ಜಿ ತುಂಬಿಕೊಡುವ ಕಂಪ್ಯೂಟರ್ ಕೇಂದ್ರದಲ್ಲಿ ಕುಳಿತಳು. ಇನ್ನೊಬ್ಬಳು ಔರಾದಿಗೆ ಮರಳಿ ಖಾಸಗಿ ಶಾಲೆಯಲ್ಲಿ ಗಣಿತ ಕಲಿಸತೊಡಗಿದಳು. ಆಟದೊಳಗೆ ನಮಗೆ ಊರಿನ ಹೆಸರೇ ಹೆಸರು: ಬೀದರ, ಭಾಲ್ಕಿ, ಔರಾದ. ವಿಮಾನದಿಂದ ದ್ವೀಪಕ್ಕೆ ಧುಮುಕುವುದು, ಮನೆಗಳಲ್ಲಿ ಬಂದೂಕು ಹುಡುಕುವುದು, ಕೊನೆಯವರೆಗೆ ಉಳಿಯುವುದು. ಒಂದು ತಂಡಕ್ಕೆ ಮೂವರು. ಪ್ರತಿದಿನ ಸಂಜೆ ಐದೂವರೆಯಿಂದ ಆರೂವರೆ.

ದಿಕ್ಕು ಹೇಳುವುದಕ್ಕೆ ನಮ್ಮದೇ ರೀತಿ ಇತ್ತು. ಉತ್ತರಕ್ಕೆ ಔರಾದ, ಪಶ್ಚಿಮಕ್ಕೆ ಭಾಲ್ಕಿ, ದಕ್ಷಿಣಕ್ಕೆ ಜಹೀರಾಬಾದ್, ಪೂರ್ವಕ್ಕೆ ಖೇಡ. "ಭಾಲ್ಕಿ ಕಡಿಯಿಂದ ಇಬ್ಬರು ಬರ್ಲಾಕತ್ತಾರ!" ಎಂದು ಕೂಗಿದರೆ ಮೂವರೂ ಪಶ್ಚಿಮಕ್ಕೆ ತಿರುಗುತ್ತಿದ್ದೆವು. ಈ ಪದ್ಧತಿ ಶುರುವಾದ ದಿನ ಔರಾದಿನವಳು ತಕರಾರು ತೆಗೆದಿದ್ದಳು.

"ನಾ ಔರಾದದಾಗೇ ಕುಂತೀನಿ. ನನಗ ಔರಾದ ಯಾವ ಕಡಿ ಆಗ್ತದ ಹೇಳು?"

"ನೀ ಬೀದರದಾಗ ಕುಂತೀನಿ ಅಂತ ತಿಳ್ಕೊ," ಎಂದೆ ನಾನು.

"ಅಂದ್ರ ದಿನಾ ನಾನೇ ಬಸ್ ಹತ್ತಿ ಬರಬೇಕೇನು?"

ಭಾಲ್ಕಿಯವಳು ನಕ್ಕಳು, "ಪಾಸ್ ಮಾಡಿಸ್ಕೋ!"

ಈ ಆಟ ಔರಾದಿನವಳಿಗೆ ಏನಾಗಿತ್ತು ಎಂದು ಬಲ್ಲವರು ನಾವಿಬ್ಬರೇ. ಅವಳ ಮನೆಯಲ್ಲಿ ಅಪ್ಪ, ಅಜ್ಜಿ, ಕಾಕಿ ಎಂದು ಕರೆಯುವ ಚಿಕ್ಕಮ್ಮ, ಕಾಕಿಯ ಇಬ್ಬರು ಮಕ್ಕಳು. ಅವಳ ಫೋನ್ ಹೆಸರಿಗೆ ಅವಳದು, ಬಳಕೆಗೆ ಮನೆಯದು. ಮಕ್ಕಳ ಹೋಂವರ್ಕ್ ಅದರಲ್ಲೇ ಬರುತ್ತಿತ್ತು. ಯಾವ ಮೆಸೇಜು ಬಂದರೂ ಕಾಕಿಯ ಮಗಳೇ ಮೊದಲು ಓದಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. ಯಾರದಾದರೂ ಕಾಲ್ ಬಂದರೆ, ಮುಗಿದ ಮೇಲೆ ಮೂರು ಪ್ರಶ್ನೆ: ಯಾರು, ಏನಂದರು, ಯಾಕೆ ಮಾಡಿದ್ದರು. ಅದು ದುಷ್ಟತನವಲ್ಲ, ಆ ಮನೆಯ ರೂಢಿ. ಆದರೆ ಕಿವಿಗೆ ವೈರ್ ಸಿಕ್ಕಿಸಿಕೊಂಡು ಆಟಕ್ಕೆ ಕುಳಿತರೆ ಯಾರೂ ಹತ್ತಿರ ಬರುತ್ತಿರಲಿಲ್ಲ. ಮಾಸ್ತರಿಕೆ ಮಾಡುವ ಹುಡುಗಿಗೆ ಇನ್ನೂ ಹುಡುಗಾಟ ಹೋಗಿಲ್ಲ ಎಂದು ನಕ್ಕು ಬಿಟ್ಟುಬಿಡುತ್ತಿದ್ದರು. ದಿನದಲ್ಲಿ ಆ ಒಂದು ಗಂಟೆ ಮಾತ್ರ ಅವಳ ಮಾತಿಗೆ ಕಾವಲಿರಲಿಲ್ಲ.

ಆಟಕ್ಕಿಂತ ಹೆಚ್ಚು ನಾವು ಕಾಯುವ ಕೋಣೆಯಲ್ಲಿ ಇರುತ್ತಿದ್ದೆವು. ಆಟ ಶುರುವಾಗುವ ಮುನ್ನ ಮೂರು ಗೊಂಬೆಗಳು ಸಾಲಾಗಿ ನಿಲ್ಲುವ ಜಾಗ ಅದು. ನಾವು ಶುರು ಒತ್ತದೆ ಅಲ್ಲಿಯೇ ನಿಂತು ಮಾತಾಡುತ್ತಿದ್ದೆವು. ಮನೆಯಲ್ಲಿ ಏನಾದರೂ ಕಷ್ಟದ ಮಾತು ಕೇಳಬೇಕಿದ್ದರೆ ಅದರ ತಾಲೀಮು ನಡೆಯುತ್ತಿದ್ದದ್ದೂ ಅಲ್ಲೇ. ಭಾಲ್ಕಿಯವಳು ಅಪ್ಪನಾಗುತ್ತಿದ್ದಳು. ಗಂಟಲು ದಪ್ಪ ಮಾಡಿಕೊಂಡು ಎಲ್ಲದಕ್ಕೂ "ಬ್ಯಾಡ" ಅನ್ನುವುದು ಅವಳ ಪಾತ್ರ. ಕೇಳುವವಳು ಉತ್ತರ ಕೊಡಬೇಕು. ಅಪ್ಪನ ಪ್ರಶ್ನೆಗಳನ್ನೂ ನಿಲ್ಲುವ ಉತ್ತರಗಳನ್ನೂ ನಾನು ಬರೆದುಕೊಳ್ಳುತ್ತಿದ್ದೆ. ನಾನು ಲ್ಯಾಬಿಗೆ ಸೇರುವ ಮುನ್ನ ಹೀಗೆ ನಾಲ್ಕು ದಿನ ತಾಲೀಮು ಮಾಡಿದ್ದೆ. ಐದನೇ ದಿನ ನನ್ನ ಅಪ್ಪ ಕೇಳಿದ ಆರು ಪ್ರಶ್ನೆಗಳಲ್ಲಿ ಐದು ನನ್ನ ಪಟ್ಟಿಯಲ್ಲಿದ್ದವು. ನಾವು ಕಲಿತ ನಿಯಮ ಒಂದೇ: ಮೊದಲ "ಬ್ಯಾಡ"ವನ್ನು ಲೆಕ್ಕಕ್ಕೆ ಹಿಡಿಯಬಾರದು.

ಮಾರ್ಚ್ ಎರಡು, ಭಾನುವಾರ, ಔರಾದಿನವಳು ಆ ಕೋಣೆಯಲ್ಲಿ ಒಂದು ಸುದ್ದಿ ಹೇಳಿದಳು. ಅವಳ ಶಾಲೆಯವರು ಕಮಲನಗರದಲ್ಲಿ ಹೊಸ ಶಾಖೆ ತೆರೆಯುತ್ತಿದ್ದರು. ಅಲ್ಲಿ ಗಣಿತಕ್ಕೆ ಅವಳನ್ನೇ ಕೇಳಿದ್ದರು. ಕಾಯಂ ಹುದ್ದೆ. ಇಲ್ಲಿ ವರ್ಷ ವರ್ಷವೂ "ಜೂನ್‌ದಾಗ ನೋಡೋಣ" ಅನ್ನುತ್ತಿದ್ದವರು ಅಲ್ಲಿ ಬರೆದುಕೊಡಲು ತಯಾರಿದ್ದರು. ದಿನಾ ಬಸ್ಸಿನಲ್ಲಿ ಹೋಗಿಬರಬೇಕು. ಏಪ್ರಿಲ್ ಇಪ್ಪತ್ತರೊಳಗೆ ಒಪ್ಪಿಗೆಯ ಪತ್ರ ಕೊಡಬೇಕು.

"ಮನ್ಯಾಗ ಇನ್ನ ಬಾಯಿ ಬಿಟ್ಟಿಲ್ಲ," ಎಂದಳು. "ಅಪ್ಪ ಒಂದೇ ಮಾತಿಗೆ ಬ್ಯಾಡ ಅಂತಾನ. ನಂದೊಂದು ತಾಲೀಮು ಮಾಡಸ್ರಿ."

"ಏ ಮಾಸ್ತರಬಾಯಿ," ಭಾಲ್ಕಿಯವಳು ಆಗಲೇ ಗಂಟಲು ದಪ್ಪ ಮಾಡಿದ್ದಳು, "ಬಸ್ ತಪ್ಪಿದ್ರ ಯಾರ ಮನಿಗಿ ಹೋಗ್ತಿ?"

"ತಡಿ, ಇವತ್ತ ಬ್ಯಾಡ. ಹೊರಗ ಕಾಕಿ ಕುಂತಾಳ, ನಗು ಬಂದ್ರ ಕೇಳಸ್ತದ."

ನಾನು ಡೈರಿಯಲ್ಲಿ ಬರೆದೆ: ಔರಾದ, ಕಮಲನಗರ, ತಾಲೀಮು ಬಾಕಿ, ಏ. 20. ನಾಲ್ಕು ದಿನಕ್ಕೆ ಆಟ ಕೆಟ್ಟಿತು.

ಆಟ ಕೆಟ್ಟಾಗ ಜನ ಏನು ಮಾಡುತ್ತಾರೆ ಎಂದು ನಾನು ಎರಡು ತಿಂಗಳು ನೋಡಿದ್ದೇನೆ. ಯಾರೂ ಎದ್ದು ಬಾಗಿಲು ಹಾಕಿ ಹೋಗುವುದಿಲ್ಲ. ಐದೂವರೆಗೆ ಬರುವವರು ಐದೂ ಮುಕ್ಕಾಲಿಗೆ ಬರುತ್ತಾರೆ. "ಚಾರ್ಜ್ ಇಲ್ಲ" ಅನ್ನುತ್ತಾರೆ. ಒಂದು ಆಟ ಆಡಿ "ಅವ್ವ ಕರೀಲಾಕತ್ತಾಳ" ಅನ್ನುತ್ತಾರೆ. ಕರೆದಿರುವುದಿಲ್ಲ. ಮಾರ್ಚ್ ಎಂಟರಂದು ಭಾಲ್ಕಿಯವಳು ಬರಲೇ ಇಲ್ಲ. ಕಾಲ್ ಮಾಡಿದರೆ ಹೊಸ ಆಟ ಹಾಕಿಕೊಂಡಿದ್ದಾಳೆ, ಮೊಬೈಲಿನಲ್ಲಿ ಹೊಲ ಮಾಡಿ ಕ್ಯಾರೆಟ್ಟು ಬೆಳೆಯುವ ಆಟ. ಮರುದಿನ ಭಾನುವಾರ. ನಾನು ರೈಲು ಹತ್ತಿ ಭಾಲ್ಕಿಗೆ ಹೋದೆ. ಜಗಳ ಮಾಡುವುದಕ್ಕೇ ಹೋದೆ.

ಅವಳ ತಾಯಿ ಅಂಗಳದಲ್ಲಿ ಕಡಲೆ ಹಸನು ಮಾಡುತ್ತಿದ್ದರು. ನನ್ನನ್ನು ನೋಡಿದವರೇ ಶುರು ಮಾಡಿದರು.

"ಬಾರವ್ವ, ನೀನರೆ ಬುದ್ಧಿ ಹೇಳು. ಹೊಲಕ್ಕ ಬಾ ಅಂದ್ರ ಇಕಿಗಿ ಬಿಸಲ ತಡಿಯಲ್ಲ. ಮುಂಜಾನಿಯಿಂದ ಮೊಬೈಲ್‌ದಾಗ ಗಜ್ಜರಿ ಕೀಳ್ಲಾಕತ್ತಾಳ. ಒಂದು ಗಜ್ಜರಿ ಮನಿಗಿ ಬಂದಿಲ್ಲ ನೋಡು."

"ಅವ್ವಾ, ಅದ್ರಾಗ ಮಳಿ ಕೇಳಿದ್ರ ಬರ್ತದ," ಒಳಗಿನಿಂದ ಅವಳು.

ನಾನು ಒಳಗೆ ಹೋಗಿ ನಿಂತುಕೊಂಡೇ ಕೇಳಿದೆ, "ನಿನ್ನಿ ಯಾಕ ಬರ್ಲಿಲ್ಲ?"

"ಬಂದು ಏನ್ ಮಾಡ್ಲಿ? ಗ್ವಾಡಿ ನೋಡ್ಕೋತ ನಿಂತ ಗೊಂಬಿಗಿ ಹೊಡೀಲೇನು? ನಂಗ ಪಾಪ ಅನಸ್ತದ ಅವನ್ನ ನೋಡಿದ್ರ."

"ವರ್ಷದ ಮ್ಯಾಲಿನ ದೀಪ ಆರ್ತದ."

ದೀಪ ಅಂದರೆ ಆಟದ ಒಂದು ಆಮಿಷ. ತಂಡದ ಮೂವರೂ ದಿನಕ್ಕೊಮ್ಮೆ ಒಳಗೆ ಬಂದು ಹಾಜರಿ ಹಾಕಿದರೆ ತಂಡದ ಹೆಸರಿನ ಪಕ್ಕ ಒಂದು ದೀಪ ಉರಿಯುತ್ತದೆ, ಅದರ ಕೆಳಗೆ ಎಷ್ಟು ದಿನ ಎಂಬ ಅಂಕಿ. ಅಪರೂಪಕ್ಕೆ ತಪ್ಪಿದ ಹಾಜರಿಯನ್ನು ಮರುದಿನ ಮಧ್ಯಾಹ್ನದೊಳಗೆ ತುಂಬಬಹುದಿತ್ತು. ಹಿಂದಿನ ದಿನದ್ದನ್ನೂ ಆ ದಿನದ್ದನ್ನೂ ಅವಳಿಂದಲೇ ಒತ್ತಿಸಿದೆ, ನಮ್ಮದು ನಾನೂರ ಹನ್ನೆರಡಕ್ಕೆ ಬಂತು.

"ಅಷ್ಟು ಸಂಕಟ ಆದ್ರ ನೀನೇ ಹಚ್ಚು," ಎಂದು ಅವಳು ತನ್ನ ಪಾಸ್‌ವರ್ಡನ್ನು ನನ್ನ ಅಂಗೈಯ ಮೇಲೆ ಪೆನ್ನಿನಿಂದ ಬರೆದಳು. "ನನ್ನ ಹೆಸರಿನಾಗ ಎಣ್ಣಿ ಹಾಕು, ಬತ್ತಿ ಹಾಕು, ಏನರೆ ಮಾಡು. ನನಗ ಬಿಟ್ಟುಬಿಡು."

ನಾನು ಆ ಅಂಗೈಯನ್ನು ಮಡಚಿಕೊಂಡು ಸಂಜೆಯ ರೈಲು ಹಿಡಿದೆ. ಗೆದ್ದು ಬಂದೆ ಅನಿಸಿತ್ತು. ಕಮಲನಗರದ ತಾಲೀಮಿನ ಮಾತು ಆ ದಿನ ಅವಳ ಬಾಯಲ್ಲೂ ಬರಲಿಲ್ಲ, ನನ್ನ ಬಾಯಲ್ಲೂ ಬರಲಿಲ್ಲ. ಇದನ್ನು ಬರೆಯುವಾಗ ಈಗಲೂ ಪೆನ್ನನ್ನು ಗೋಡೆಗೆ ಎಸೆಯಬೇಕು ಅನಿಸುತ್ತದೆ.

ಮಾರ್ಚ್ ಹತ್ತರಿಂದ ನನ್ನ ಪಾಳಿ ಸಂಜೆಗೆ ಬದಲಾಯಿತು. ಮಧ್ಯಾಹ್ನದ ಮಾದರಿಗಳು ಮುಗಿದು ಸಂಜೆಯವು ಬರುವ ಮುನ್ನ, ಐದೂವರೆಗೆ, ನನಗೆ ಹತ್ತು ನಿಮಿಷ ಬಿಡುವು. ಆ ಹತ್ತು ನಿಮಿಷದಲ್ಲಿ ನಾನು ನನ್ನ ಹೆಸರಿನಿಂದ ಒಳಗೆ ಹೋಗಿ ಹಾಜರಿ ಒತ್ತಿ ಹೊರಬರುತ್ತಿದ್ದೆ. ಆಮೇಲೆ ಭಾಲ್ಕಿಯ ಹೆಸರಿನಿಂದ ಒಳಗೆ ಹೋಗಿ ಹಾಜರಿ ಒತ್ತಿ ಹೊರಬರುತ್ತಿದ್ದೆ. ಔರಾದಿನವಳು ತನ್ನ ಹಾಜರಿಯನ್ನು ತಾನೇ ಹಾಕುತ್ತಿದ್ದಳು. ದೀಪ ಆರದೆ ಉಳಿದದ್ದರಿಂದ ನನಗೆ ಅದು ತಿಳಿಯುತ್ತಿತ್ತು. ಡೈರಿಯಲ್ಲಿ ಮೂರು ಮನೆ ಗೆರೆ ಎಳೆದಿದ್ದೆ. ದಿನಾ ಮೂರರಲ್ಲೂ ಸರಿ ಗುರುತು. ಒಂದೂ ಖಾಲಿ ಇಲ್ಲ. ಲ್ಯಾಬಿನ ಕೊಳವೆಗಳ ಮೇಲೆ ನಂಬರು ಬರೆಯುವಷ್ಟೇ ನಿಷ್ಠೆಯಿಂದ ಇದನ್ನೂ ಮಾಡಿದೆ.

ಮಾರ್ಚ್ ಇಪ್ಪತ್ತೆರಡಕ್ಕೆ ಒಮ್ಮೆ ಔರಾದಿನವಳಿಗೆ ಮೆಸೇಜ್ ಹಾಕಿದೆ: "ಆ ವಿಷಯ ಏನಾಯ್ತು?" ಮನೆಯವರು ಓದುತ್ತಾರೆಂದು ಬಿಡಿಸಿ ಬರೆಯಲಿಲ್ಲ. ಅವಳು "ಆಟದಾಗ ಬಾ, ಹೇಳ್ತೇನಿ" ಎಂದು ಉತ್ತರಿಸಿದಳು. ನಾನು "ಬರ್ತೇನಿ" ಎಂದು ಬರೆದೆ. ಆ ಸಂಜೆ ಆಟಕ್ಕೆ ಹೋದೆ, ಹಾಜರಿ ಒತ್ತಿದೆ, ಮಾದರಿಗಳು ಬಂದವು, ಹೊರಗೆ ಬಂದೆ. ಡೈರಿಯಲ್ಲಿ ಆ ದಿನಕ್ಕೂ ಮೂರು ಸರಿ ಗುರುತು ಇವೆ.

ಏಪ್ರಿಲ್ ಇಪ್ಪತ್ತು ಬಂದು ಹೋಯಿತು. ಆ ದಿನದ ಪುಟದಲ್ಲಿ ಲ್ಯಾಬಿನ ಯಂತ್ರ ಕೆಟ್ಟದ್ದು ಬರೆದಿದ್ದೇನೆ.

ಏಪ್ರಿಲ್ ಇಪ್ಪತ್ತಾರರಂದು ದೀಪ ಆರಿತು. ಔರಾದಿನವಳು ಹಾಜರಿ ಹಾಕಿರಲಿಲ್ಲ. ಮರುದಿನ ಮಧ್ಯಾಹ್ನದವರೆಗೂ ಕಾದೆ, ತುಂಬಲಿಲ್ಲ. ನಾನೂರ ಐವತ್ತೊಂಬತ್ತಕ್ಕೆ ನಿಂತಿತು. ಒಬ್ಬಳಂತೂ ಗಜ್ಜರಿ ಕೀಳುತ್ತ ಕುಳಿತಳು, ಇವಳಿಗೆ ಒಂದು ಗುಂಡಿ ಒತ್ತಲು ಆಗಲಿಲ್ಲವೇ? "ನಿನ್ನಿ ಯಾಕ ಬರ್ಲಿಲ್ಲ? 459 ಹೋಯ್ತಲ್ಲ!" ಎಂದು ಬರೆದು ಕಳಿಸಿದೆ. ಓದಿದಳು, ಉತ್ತರವಿಲ್ಲ. ಎರಡು ದಿನ ಬಿಟ್ಟು ಕಾಲ್ ಮಾಡಿದೆ. ಕಾಕಿ ಎತ್ತಿದರು: "ಆಕಿ ರಿಜಲ್ಟ್ ಕೆಲಸದಾಗ ಇದ್ದಾಳ್ರಿ, ಆಮ್ಯಾಲ ಮಾಡ್ತಾಳ್ರಿ." ಮಾಡಲಿಲ್ಲ. ಒಂದು ವಾರ ಸಿಟ್ಟಿನಲ್ಲೇ ಇದ್ದೆ. ಮೇ ನಾಲ್ಕು, ಭಾನುವಾರ, ಔರಾದಿನ ಬಸ್ ಹತ್ತಿದೆ.

ಮನೆ ತುಂಬ ಜನ. ಅಜ್ಜಿ ಮಂಚದ ಮೇಲೆ, ಕಾಕಿ ಮೊರದಲ್ಲಿ ತೊಗರಿಬೇಳೆ ಹಿಡಿದು ಬಾಗಿಲಲ್ಲಿ, ಮಕ್ಕಳು ಕೂಲರ್ ಮುಂದೆ. ಅವಳು ನಡುವೆ ಕುಳಿತು ಅಂಕಪಟ್ಟಿ ತುಂಬುತ್ತಿದ್ದಳು. ನನ್ನನ್ನು ನೋಡಿ ತಲೆ ಎತ್ತಿದಳು, ಮತ್ತೆ ತಗ್ಗಿಸಿದಳು.

"ಬೀದರದಾಕಿ ಬಂದಾಳ ನೋಡ, ಇನ್ನೂ ಸಿಟ್ಟೇನು?" ಎಂದು ಕಾಕಿ ಅವಳನ್ನು ಕೇಳಿದರು. ಅವಳ ಕಡೆ ಗಲ್ಲ ಎತ್ತಿ ನನಗೆ ಹೇಳಿದರು, "ಒಂದು ವಾರ ಆಯ್ತು, ಆಟ ಅಳಸಿ ಒಗದಾಳ. ಮಾರಿ ಉಬ್ಬಿಸ್ಕೊಂಡು ಕುಂತಾಳ."

ಎಲ್ಲರೂ ಕೇಳುತ್ತಿದ್ದರು. ನಮಗೆ ಬೇರೆ ಕೋಣೆ ಇರಲಿಲ್ಲ. ಆಟದ ಜಗಳವನ್ನು ಆ ಮನೆಯವರು ಜಗಳವೆಂದು ಎಣಿಸುವುದಿಲ್ಲ ಎಂಬುದೊಂದೇ ನಮಗಿದ್ದ ಮರೆ.

"ನೀ ನನ್ನ ಬಿಟ್ಟು ಆಡಿದ್ದಿ," ಎಂದಳು ಅವಳು, ಅಂಕಪಟ್ಟಿಯಿಂದ ಕಣ್ಣು ತೆಗೆಯದೆ. "ನೀನೂ ಭಾಲ್ಕಿನೂ ಕೂಡಿ."

"ಯಾರು ಹೇಳಿದ್ರು?"

ಅವಳು ಫೋನ್ ತೆಗೆದು ನನ್ನ ಮಡಿಲಿಗೆ ಎಸೆದಳು. ಫೋಟೋಗಳು. ಒಂದರ ಹಿಂದೆ ಒಂದು, ಒಂದೇ ಥರದವು. ಕಾಯುವ ಕೋಣೆ, ಅದರಲ್ಲಿ ಅವಳ ಒಂದೇ ಗೊಂಬೆ, ಪಕ್ಕದ ಪಟ್ಟಿಯಲ್ಲಿ ಬೀದರದ ಮುಂದೆ ಹಸಿರು ಚುಕ್ಕೆ, ಭಾಲ್ಕಿಯ ಮುಂದೆ ಹಸಿರು ಚುಕ್ಕೆ. ಮೇಲೆ ಸಮಯ: ಐದು ಮೂವತ್ತಾರು, ಐದು ಮೂವತ್ತೈದು, ಐದು ಮೂವತ್ತೆಂಟು. ಕೆಳಗೆ ಅವಳು ಕಳಿಸಿದ ಕರೆ, ಅದರ ಪಕ್ಕ "ಉತ್ತರವಿಲ್ಲ".

"ಎಷ್ಟವ?" ಎಂದೆ. ಅಭ್ಯಾಸ.

"ಮೂವತ್ತೆಂಟು. ಎಣಿಸೋದು ನಿನಗಷ್ಟೇ ಬರ್ತದಂತ ತಿಳ್ಕೊಂಡೀ ಏನು? ದಿನಾ ಒಂದೇ ಟೈಮಿಗಿ ಇಬ್ಬರೂ ಬರ್ತೀರಿ. ನಾ ಕರೀತೇನಿ, ಕೂಗ್ತೇನಿ, ಇಬ್ಬರೂ ಹೋಗ್ತೀರಿ."

ಹೊರಬಂದ ಮೇಲೂ ಆ ಚುಕ್ಕೆ ಹತ್ತು ನಿಮಿಷ ಹಸಿರಾಗಿಯೇ ಇರುತ್ತದೆ. ಅದು ನನಗೆ ಗೊತ್ತಿತ್ತು. ಅದನ್ನು ನೋಡುತ್ತ ಯಾರಾದರೂ ಕುಳಿತಿರಬಹುದು ಎಂದು ಮಾತ್ರ ಹೊಳೆದಿರಲಿಲ್ಲ.

"ಅದು ಇಬ್ಬರಲ್ಲ," ಎಂದೆ. "ಎರಡೂ ನಾನೇ. ಭಾಲ್ಕಿದು ಪಾಸ್‌ವರ್ಡ್ ನನ್ನ ಹತ್ರ ಅದ. ದೀಪದ ಸಲುವಾಗಿ ಹಾಜರಿ ಒತ್ತಿ ಹೋಗ್ತಿದ್ದೆ. ಆಕಿ ಮಾರ್ಚ್ ಎಂಟರಿಂದ ಬಂದೇ ಇಲ್ಲ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಸಮಾಧಾನವಾಗುತ್ತಾಳೆ ಎಂದುಕೊಂಡೆ.

"ಇಷ್ಟು ದಿನ ಇಬ್ಬರೂ ಬೇಕಂತ ಬಿಟ್ಟಾರ ಅಂತಿದ್ದೆ," ಎಂದಳು. "ಈಗ ನೀ, ಅಲ್ಲಿ ಯಾರೂ ಇದ್ದೇ ಇಲ್ಲ ಅಂತಿ. ಯಾವುದರ ಸಂಕಟ ಕಡಿಮಿ? ನೀನೇ ಹೇಳು."

"ಅಯ್ಯ, ಆಟಕ್ಕ ಇಷ್ಟ್ಯಾಕ!" ಎಂದರು ಕಾಕಿ. ಅಜ್ಜಿ, "ಹೊಡದಾಡಲಿ ಬಿಡ, ಬಿಸಲಿಗಿ ಏನರೆ ಕೆಲಸ ಬೇಕಲ್ಲ" ಅಂದರು.

ನಾನು ದನಿ ತಗ್ಗಿಸಿ ಕೇಳಿದೆ, "ಆ ವಿಷಯ?"

ಅವಳು ತಗ್ಗಿಸಲಿಲ್ಲ, ಆಟದ ಮಾತಿನಲ್ಲೇ ಹೇಳಿದಳು. "ಒಬ್ಬಾಕಿನೇ ಇಳದೆ. ಎರಡನೇ ಏಟಿಗೇ ಬಿದ್ದೆ. ಹತ್ತೊಂಬತ್ತನೇ ತಾರೀಖಿಗಿ ಬರ್ಕೊಟ್ಟು ಬಂದೆ, ಬರಲ್ಲಂತ. ಆಮ್ಯಾಲನೂ ಆರು ದಿನ ಬಂದು ನಿಂತೆ, ಒಬ್ಬರರೆ ಕೇಳ್ತೀರೇನಂತ."

ಕಾಕಿಗೆ ತಾರೀಖಿನ ಮಾತು ತಿಳಿಯಲಿಲ್ಲ, ನಕ್ಕರು. ನನಗೆ ತಿಳಿಯಿತು: ಅಪ್ಪನನ್ನು ಒಬ್ಬಳೇ ಕೇಳಿ, "ಬ್ಯಾಡ" ಅನ್ನಿಸಿಕೊಂಡು, ಹುದ್ದೆ ಬಿಟ್ಟುಕೊಟ್ಟಿದ್ದಳು. ಏಪ್ರಿಲ್ ಹತ್ತೊಂಬತ್ತು. ಆ ದಿನಕ್ಕೆ ನನ್ನ ಡೈರಿಯಲ್ಲಿ ನಾನೂರ ಐವತ್ತಮೂರು ಎಂದು ಕೆಂಪು ಇಂಕಿನಲ್ಲಿದೆ.

ಊಟಕ್ಕೆ ಅವಳ ಅಪ್ಪ ಬಂದರು. ಮೋಟರು, ಪಂಪು ರಿಪೇರಿಯ ಅಂಗಡಿ. ಉಗುರಿನ ಸಂದಿಯಲ್ಲಿ ಗ್ರೀಸು. ಮಾತು ಕಡಿಮೆ. ರೊಟ್ಟಿ ಮುರಿಯುತ್ತ "ಲ್ಯಾಬ್ ಹ್ಯಾಂಗ ನಡದದವ್ವ?" ಎಂದು ಕೇಳಿದರು. ನನ್ನೊಳಗೆ ಕುದಿಯುತ್ತಿದ್ದದ್ದು ಆ ಸೌಜನ್ಯಕ್ಕೆ ಉಕ್ಕಿತು.

"ನಡದದ ಕಾಕಾ. ನನಗ ನಮ್ಮಪ್ಪ ಹೋಗು ಅಂದಾರ್ರಿ. ನೀವ್ಯಾಕ ಇಕಿಗಿ ಕಮಲನಗರಕ್ಕ ಬ್ಯಾಡ ಅಂದ್ರಿ?"

ಪಕ್ಕದಿಂದ ಅವಳು ನನ್ನ ತೊಡೆ ಚಿವುಟಿದಳು. ಕಾಕಿ ಸಾರಿನ ಸೌಟು ಹಿಡಿದು ಹಾಗೆಯೇ ನಿಂತರು. ಅವಳ ಅಪ್ಪ ರೊಟ್ಟಿ ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ, ಬೈದರೆ ಉತ್ತರ ಕೊಡಲು ತಯಾರಿದ್ದೆ.

"ಅಂದೆ, ಖರೇ," ಎಂದರು. "ಬಸ್ ತಪ್ಪಿದ್ರ ಹ್ಯಾಂಗ ಅಂತ ಕೇಳ್ದೆ, ಸುಮ್ಮ ನಿಂತಳು. ಬ್ಯಾಡ ಅಂದೆ. ಮೊದಲ್ನೇ ಸಲ ಯಾವ ಅಪ್ಪ ಹೂಂ ಅಂತಾನವ್ವ? ಮರದಿನ ನಾ ಬಸ್ ಸ್ಟ್ಯಾಂಡಿಗಿ ಹೋಗಿ ಕಮಲನಗರದ ಬಸ್ಸಿಂದೆಲ್ಲ ಟೈಮ್ ಕೇಳ್ಕೊಂಡು ಬಂದೆ. ಮತ್ತ ಕೇಳ್ತಾಳ ಅಂತ ಕುಂತೆ. ಕೇಳ್ಲೇ ಇಲ್ಲ. ಆಕಿಗೇ ಮನಸ್ಸಿಲ್ಲ ಅಂತ ತಿಳ್ಕೊಂಡೆ."

ಅವಳು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದಳು.

ನನಗೆ ಆ ಮನುಷ್ಯನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬಸ್ಸಿನ ಟೈಮ್ ಕೇಳಿಕೊಂಡು ಬಂದವರು ಅದನ್ನು ಮಗಳಿಗೆ ಹೇಳಬಹುದಿತ್ತು. ಮೂರು ಸಲ ಕೇಳಿದರೆ ಮಾತ್ರ ಮನಸ್ಸಿದೆ ಎಂದು ನಂಬುವ ಮನೆಗಳು, ಒಂದು ಸಲ ಕೇಳುವುದಕ್ಕೆ ಮಗಳಿಗೆ ಎಷ್ಟು ಉಸಿರು ಬೇಕೆಂದು ತಿಳಿಯದ ಮನೆಗಳು. ಆದರೆ ಆ ನಿಯಮ ನಮಗೆ ಗೊತ್ತಿತ್ತು. ಮೂವರಿಗೂ ಗೊತ್ತಿತ್ತು. ಅವಳು ಮೊದಲ "ಬ್ಯಾಡ"ಕ್ಕೆ ನಿಂತುಬಿಟ್ಟಾಗ "ನಾಳಿ ಮತ್ತ ಕೇಳು" ಎಂದು ಹೇಳಲು ಇದ್ದವರು ನಾವಿಬ್ಬರು. ಒಬ್ಬಳು ಇರಲಿಲ್ಲ. ಇನ್ನೊಬ್ಬಳು ಇಬ್ಬರ ಹೆಸರಿನಲ್ಲೂ ಹಾಜರಿ ಹಾಕಿ ಹೋಗುತ್ತಿದ್ದಳು.

ಬಸ್ ಸ್ಟ್ಯಾಂಡಿನವರೆಗೆ ಅವಳು ಬಂದಳು. ಅಪ್ಪ ಕಳಿಸಿದ್ದಕ್ಕೆ ಬಂದಳು. ಬಿಸಿಲಿಗೆ ಸೆರಗು ಮುಂದೆ ಎಳೆದುಕೊಂಡು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು.

"ಆ ಹುದ್ದಿ ಇನ್ನ ಖಾಲಿ ಅದೇನು?" ಎಂದು ಹಿಂದಿನಿಂದ ಕೇಳಿದೆ.

"ಉದಗೀರ ಕಡಿಯಾಕಿ ಬಂದಾಳಂತ. ಸಹಿ ಆಗ್ಯಾದ."

"ನೀನರೆ ಒಂದು ಕಾಲ್ ಮಾಡಬಹುದಿತ್ತಲ್ಲ! ಅಂಗಡಿಯಿಂದ ಮಾಡು, ಸಾಲಿಯಿಂದ ಮಾಡು. ಮೂವತ್ತೆಂಟು ಫೋಟೋ ತಗದಿ, ಒಂದು ಕಾಲ್ ಮಾಡ್ಲಿಕ್ಕ ಆಗ್ಲಿಲ್ಲ?" ನಾನು ಕೂಗುತ್ತಿದ್ದೆ. ಕಬ್ಬಿನ ಹಾಲಿನ ಗಾಡಿಯವನು ತಿರುಗಿ ನೋಡಿದ.

ಅವಳು ನಿಂತಳು. "ಇಬ್ಬರು ಕೂಡಿ ನನ್ನ ಬಿಟ್ಟಾರ ಅಂತ ತಿಳಿದಾಕಿ ಕಾಲ್ ಮಾಡಿ ಏನ್ ಕೇಳ್ಲಿ? ನನ್ನೂ ಕರ್ಕೋರಿ ಅಂತ ಕೈ ಮುಗೀಲೇನು? ನಾ ಬರ್ಲಾರದ ದಿನ ನೀ ಏನ್ ಬರದಿ? ಹ್ಯಾಂಗಿದ್ದಿ ಅಂತ ಬರದೀಯೇನು? ನಾಕ್ನೂರಾ ಐವತ್ತೊಂಬತ್ತು ಹೋಯ್ತು ಅಂತ ಬರದಿ."

ಬೀದರದ ಬಸ್ಸು ಆಗಲೇ ನಿಂತಿತ್ತು, ಕಂಡಕ್ಟರ್ ಬಾಗಿಲು ಬಡಿಯುತ್ತಿದ್ದ.

"ನನಗಿನ್ನ ಆ ಆಟ ಬ್ಯಾಡ, ಬ್ಯಾರೆ ಆಟನೂ ಬ್ಯಾಡ," ಎಂದಳು. "ಮಾತಾಡಬೇಕಂದ್ರ ರವಿವಾರ ಇಲ್ಲಿ ಬರ್ರಿ, ಇಬ್ಬರೂ. ಬಸ್ ಸ್ಟ್ಯಾಂಡ್‌ದಾಗೇ ಕುಂದ್ರೋಣ. ಮನ್ಯಾಗ ಬೀದರದ ಗೆಳತ್ಯಾರ್ನ ಕಳಸ್ಲಿಕ್ಕ ಹೊಂಟೀನಿ ಅಂತೇನಿ. ನಾ ಎಲ್ಲಿಗೂ ಬರಲ್ಲ. ಎರಡು ವರ್ಷ ನಾನೇ ಬಂದೀನಿ."

"ಬರ್ತೇವಿ," ಎಂದೆ.

"ನೀ ಒಬ್ಬಾಕಿನೇ ಬಂದು, ಇಬ್ಬರೂ ಬಂದೇವಿ ಅನಬ್ಯಾಡ."

ಅಷ್ಟು ಹೇಳಿ ಬಸ್ಸು ಹೊರಡುವ ಮುನ್ನವೇ ತಿರುಗಿ ಹೋದಳು.

ಬಸ್ಸು ತುಂಬಿತ್ತು. ಸೀಟು ಸಿಗಲಿಲ್ಲ, ಕಂಬ ಹಿಡಿದು ನಿಂತೆ. ಊರು ದಾಟುವ ಮುನ್ನ ಭಾಲ್ಕಿಗೆ ಕಾಲ್ ಮಾಡಿ ಮಾರ್ಚ್ ಎರಡರಿಂದ ಶುರು ಮಾಡಿದೆ. ಕಮಲನಗರ, ಹತ್ತೊಂಬತ್ತನೇ ತಾರೀಖು, ಹಸಿರು ಚುಕ್ಕೆ, ಅವಳ ಅಪ್ಪ ಕೇಳಿಕೊಂಡು ಬಂದ ಬಸ್ಸಿನ ಟೈಮ್, ಎಲ್ಲ ಹೇಳಿದೆ. ನನ್ನ ತಪ್ಪು ಹೇಳಿದೆ, ಭಾಲ್ಕಿಯವಳ ತಪ್ಪೂ ಹೇಳಿದೆ. ಎಂಜಿನ್ನಿನ ಸದ್ದಿನ ಮೇಲೆ ಕೂಗಬೇಕಾಗಿತ್ತು. ಮುಂದಿನ ಮೂರು ಸಾಲಿನವರು ಕುತ್ತಿಗೆ ತಿರುಗಿಸಿ ಕೇಳುತ್ತಿದ್ದರು. ಒಬ್ಬ ಮುದುಕಿ ನನ್ನ ಕಡೆಗೆ ಸರಿದು ಕೂತಳು, ಒಂದು ಮಾತೂ ತಪ್ಪಬಾರದೆಂದು. ಕೇಳಲಿ ಎಂದು ಇನ್ನೂ ಜೋರಾಗಿ ಹೇಳಿದೆ.

ಭಾಲ್ಕಿಯವಳು ಒಮ್ಮೆಯೂ ನಗಲಿಲ್ಲ. ನಡುವೆ ಒಂದು ಸಲ, "ನಾ ಅಪ್ಪ ಆಗಿ ಕೇಳ್ದದ್ದೂ ಅದೇ ಅಲ್ಲೇನು, ಬಸ್ ತಪ್ಪಿದ್ರ ಅಂತ," ಎಂದಳು.

"ರವಿವಾರ ಭಾಲ್ಕಿಯಿಂದ ಔರಾದಕ್ಕ ಎಷ್ಟಕ್ಕ ಬಸ್ ಅದ? ನೋಡಿ ಹೇಳು," ಎಂದಳು ಕೊನೆಗೆ.

"ಹೋಗಿ ನೀನೇ ಕೇಳ್ಕೊಂಡು ಬಾ," ಎಂದು ಫೋನ್ ಇಟ್ಟೆ.